ಮನಿ ಹುಡುಗಿಯ ರೇಟು

ಸಿರುಗುಪ್ಪದಿಂದ ದೊಡ್ಡಬಸವರಾಜ ಬಂದನೆಂದರೆ ಬಳ್ಳಾರಿ ಪಾರ್ವತಿನಗರದ ತಮ್ಮನ ಮನೆಯಲ್ಲಿ ಮೊದಲು ಫ್ಯಾನು ಜೋರಾಗಬೇಕು, ಆಮೇಲೆ ಚಹಾ ಬರಬೇಕು, ಮಾತು ಅದರ ಹಿಂದೆ. ಅವತ್ತು ಆತ ಚಹಾಕ್ಕೂ ಕಾಯಲಿಲ್ಲ. ಚಪ್ಪಲಿ ಬಿಡುತ್ತಲೇ ಕೂಗಿದ.

"ಶರಣನ ಮದಿವಿ ಗಟ್ಟಿ ಆತಲೇ ಚನ್ನಾ! ಕುರುಗೋಡಿನ ಬೀಗರು. ಹುಡುಗಿ ಅಂಜನಾ ಅಂತ. ಮಾಘ ಮಾಸದಾಗ ಮುಹೂರ್ತ, ಅವರೂರಾಗ ಮಂಟಪ."

ಒಳಕೋಣೆಯಲ್ಲಿ ಮಲಗಿದ್ದ ತಾಯಿ ಅಕ್ಕನಾಗಮ್ಮ ಎದ್ದು ಬಂದಳು. ಹಿರಿಮಗನ ಮಗನ ಮದುವೆಯ ಸುದ್ದಿಗೆ ಅವಳ ಮಂಡಿನೋವು ಅರ್ಧ ಇಳಿದಿತ್ತು. ಚನ್ನಬಸವರಾಜ ಅಣ್ಣನ ಕೈಯಿಂದ ಪೇಡೆಯ ಡಬ್ಬಿ ಇಸಿದುಕೊಂಡ. ಊಟಕ್ಕೆ ಕುಳಿತಾಗ ದೊಡ್ಡಬಸವರಾಜ ಒಂದೊಂದೇ ಕೆಲಸ ಹಂಚಿದ. ಅಡುಗೆಯವರು ಸಿರುಗುಪ್ಪದವರು. ಅಕ್ಕಿ ತನ್ನ ಮಿಲ್ಲಿನದೇ. ಬಸ್ಸು ಎರಡು ಹೇಳಿಯಾಗಿತ್ತು.

"ಫೋಟೋದ್ದೊಂದು ಚಿಂತಿ ನನಗಿಲ್ಲ," ಎಂದ, ಪುಂಡಿಪಲ್ಯ ಬಡಿಸಿಕೊಳ್ಳುತ್ತ. "ನಮ್ಮ ಐಶ್ವರ್ಯ ಅದಾಳ."

"ಅದನ್ನೇನ್ ಕೇಳ್ತಿ ಅಣ್ಣಾ? ಮನಿ ಹುಡುಗಿ," ಎಂದುಬಿಟ್ಟ ಚನ್ನಬಸವರಾಜ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ಶೈಲಜಾ ಬಾಗಿಲಿಗೆ ಬಂದು ಗಂಡನ ಮುಖ ನೋಡಿದಳು. ಅವನು ನೋಡಲಿಲ್ಲ. ಅವಳು ಹಾಗೇ ಒಳಗೆ ಹೋದಳು.

ಅಣ್ಣ ಕೇಳಿದ್ದಕ್ಕೆ ಇಲ್ಲ ಎನ್ನುವುದು ಚನ್ನಬಸವರಾಜನಿಗೆ ಗೊತ್ತೇ ಇರಲಿಲ್ಲ. ತಂದೆ ಕೊಟ್ಟೂರಪ್ಪ ತೀರಿಕೊಂಡ ವರ್ಷ ದೊಡ್ಡಬಸವರಾಜ ಶಾಲೆ ಬಿಟ್ಟು ಟ್ರ್ಯಾಕ್ಟರ್ ಹತ್ತಿದ್ದ. ತಮ್ಮ ಡಿಪ್ಲೊಮಾ ಮುಗಿಸಿದ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮಷಿನುಗಳನ್ನು ಹಾಕಿದ, ಮನೆ ಕಟ್ಟಿದ. ಅಣ್ಣ ಅದನ್ನೆಂದೂ ಎತ್ತಿ ಆಡಿರಲಿಲ್ಲ. ಆಡದೆ ಇದ್ದದ್ದೇ ಭಾರವಾಗಿತ್ತು.

ಅಣ್ಣ ಊರಿಗೆ ಹೊರಟ ಮೇಲೆ, ಸಂಜೆ ಮಗಳು ಐಶ್ವರ್ಯ ಬಂದಳು. ಎರಡು ಭುಜಕ್ಕೂ ಚೀಲ, ಕೈಯಲ್ಲಿ ಲೈಟಿನ ಸ್ಟ್ಯಾಂಡು. ಬಿಕಾಂ ಮುಗಿಸಿ ಯಾರದೋ ಸ್ಟುಡಿಯೋದಲ್ಲಿ ಮೂರು ವರ್ಷ ದುಡಿದು, ಈಗ ಸ್ವಂತವಾಗಿ ಮದುವೆಗಳ ಫೋಟೋ ತೆಗೆಯುತ್ತಿದ್ದಳು. ಕೈತೊಳೆದು ತಟ್ಟೆಯ ಮುಂದೆ ಕೂತವಳಿಗೆ ಅಪ್ಪ ಸುದ್ದಿ ಹೇಳಿದ. ತಾರೀಖು ಕೇಳಿ ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಅವತ್ತು ಸಿರುಗುಪ್ಪದ ಹತ್ರ ಕರೂರಿನ ಮದಿವಿ ಹಿಡದೀನಿ ಅಪ್ಪಾ. ಹತ್ತು ಸಾವಿರ ಅಡ್ವಾನ್ಸ್ ತಗೊಂಡೀನಿ."

"ವಾಪಸ್ ಕೊಡು. ಯಾರು ಅವರು?"

"ಎರ್ರೆಪ್ಪ ಅಂತ, ಸ್ವಲ್ಪ ಗದ್ದಿ ಐತಿ, ಉಳಿದ ಟೈಮಿನಾಗ ಕೂಲಿ. ಮದಿವಿ ಅವರ ಮಗಳು ಪಂಪಾವತಿದು, ಇಲ್ಲೇ ಒಂದು ಆಸ್ಪತ್ರ್ಯಾಗ ನರ್ಸು. ಅಕಿ ಸ್ವಂತ ಪಗಾರದಾಗ ಕೊಟ್ಟಾಳ."

"ಕೂಲಿಯವರಿಗೆ ಯಾರು ತೆಗೆದರೂ ಅಷ್ಟೇ ಬಿಡು. ದೊಡ್ಡಪ್ಪಗ ನಾ ಮಾತು ಕೊಟ್ಟೀನಿ."

"ನನ್ನ ಕೆಲಸಕ್ಕ ನೀ ಹೆಂಗ ಮಾತು ಕೊಡ್ತಿ? ಮತ್ತ ದೊಡ್ಡಪ್ಪ ಎಷ್ಟು ಕೊಡ್ತಾರಂತ?"

ಚನ್ನಬಸವರಾಜ ಮಗಳನ್ನು ಮೊದಲ ಸಲ ಕಂಡವನಂತೆ ನೋಡಿದ. "ಸ್ವಂತ ದೊಡ್ಡಪ್ಪನ ಹತ್ರ ರೊಕ್ಕ ಕೇಳ್ತಿಯೇನು?"

"ಎರಡು ದಿನದ ಕೆಲಸಕ್ಕ ನಾ ತೊಂಬತ್ತು ಸಾವಿರ ತಗೊಳ್ತೀನಿ. ಮನಿಯವರು ಅಂತ ನನ್ನ ಪಾಲಿಂದು ಬಿಡಬೌದು. ಗಾದೆಪ್ಪ ವಿಡಿಯೋ ತೆಗೀತಾನ, ಅವನ ಹೊಟ್ಟಿ ನನ್ನ ದೊಡ್ಡಪ್ಪಗ ಸಂಬಂಧ ಅಲ್ಲ. ಆಲ್ಬಂ ಛಾಪಿಸೋರು ನನ್ನ ಕಾಕಾ ಅಲ್ಲ."

"ಅಯ್ಯ, ಒಂದು ಗುಂಡಿ ಒತ್ತಾಕ ತೊಂಬತ್ತು ಸಾವಿರ!" ಅಕ್ಕನಾಗಮ್ಮ ಮಧ್ಯೆ ಬಾಯಿ ಹಾಕಿದಳು. "ನಿಮ್ಮಜ್ಜ ಅಷ್ಟರಾಗ ಹತ್ತು ಜೋಡಿ ಎತ್ತು ತರ್ತಿದ್ದ."

"ಗುಂಡಿ ಒತ್ತಾಕ ಒಂದು ರೂಪಾಯಿ ಅಜ್ಜಿ. ಯಾವಾಗ ಒತ್ತಬೇಕು ಅನ್ನೋದಕ್ಕ ಉಳಿದಿದ್ದು."

ಶೈಲಜಾ ಹುಸಿನಗೆ ನುಂಗಿ ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅದನ್ನು ಚನ್ನಬಸವರಾಜ ಕಂಡ. ಅವನ ಸಿಟ್ಟು ಇಮ್ಮಡಿಸಿತು.

ಅಂದಿನಿಂದ ಮನೆಯಲ್ಲಿ ನೆಮ್ಮದಿ ಹಾರಿತು. ಬೆಳಿಗ್ಗೆ ಸ್ನಾನದ ನೀರಿಗೆ ಜಗಳ, ಕರೆಂಟು ಬಿಲ್ಲಿಗೆ ಜಗಳ. ಐಶ್ವರ್ಯ ಒಂದು ಮದುವೆಗೆ ಒಂದು ದಿನ ಹೋಗಿ ಬಂದರೆ ಮುಂದೆ ವಾರಗಟ್ಟಲೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಮೊದಲು ಅಪ್ಪ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಹಾದುಹೋಗುವಾಗಲೆಲ್ಲ ಕುಟುಕತೊಡಗಿದ.

"ಮದಿವಿ ಆಗಿ ಅವರು ಕೂಸು ಹಡೀತಾರ, ಇನ್ನೂ ನೀ ಫೋಟೋ ನೋಡ್ಕೋತ ಕುಂತಿ."

"ಮೂರು ಸಾವಿರ ಫೋಟೋದಾಗ ಒಳ್ಳೇವು ಆರಿಸಬೇಕಲ್ಲಪ್ಪಾ."

"ಮೂರು ಸಾವಿರ ಯಾಕ ತೆಗೀಬೇಕು? ಒಳ್ಳೇವು ಅಷ್ಟೇ ತೆಗಿ."

"ನೀನೂ ಕೆಡದೇ ಇರೋ ಪ್ಯಾಂಟ್ ಅಷ್ಟೇ ಹೊಲಿ."

ಇನ್ನೊಂದು ದಿನ ಕ್ಯಾಮರಾ ಒಂದು ಕೆಟ್ಟಿತು. ಬೆಂಗಳೂರಿಗೆ ರಿಪೇರಿಗೆ ಕಳಿಸಬೇಕೆಂದಳು. ಹೇಳಿದ ಮೊತ್ತ ಕೇಳಿ ಚನ್ನಬಸವರಾಜ ಗುಡುಗಿದ: "ಇನ್ನೊಂದು ಐತಲ್ಲ! ಎರಡೆರಡು ಯಾಕ ಬೇಕು ನಿನಗ?"

"ತಾಳಿ ಕಟ್ಟೋ ಹೊತ್ತಿನಾಗ ಒಂದು ಕೈ ಕೊಟ್ಟರ, ಹುಡುಗನ ಕಡೆಯಿಂದ ಇನ್ನೊಂದು ಸಲ ಕಟ್ಟಿಸ್ತಿಯೇನು?" ಅವಳ ದನಿಯೂ ಏರಿತು. "ಆಷಾಢ ಬಿಡು, ಶೂನ್ಯ ಮಾಸ ಬಿಡು, ಪಿತೃಪಕ್ಷ ಬಿಡು. ಉಳಿದ ಮುಹೂರ್ತದಾಗ ವರ್ಷದ ಅನ್ನ ದುಡೀಬೇಕು. ಅಂಥ ದಿನ ಒಂದನ್ನ ನೀ ಪೇಡೆ ಡಬ್ಬಿ ತಗೊಂಡು ದಾನ ಮಾಡಿದಿ."

ಚನ್ನಬಸವರಾಜ ಊಟ ಬಿಟ್ಟು ಎದ್ದುಹೋದ.

ಅದೇ ವಾರ ಆದೋನಿಯ ವ್ಯಾಪಾರಿಯೊಬ್ಬ ಅವನ ಯುನಿಟ್ಟಿಗೆ ಬಂದ. ಹಳೇ ಗಿರಾಕಿ. ಸಾವಿರ ಪ್ಯಾಂಟಿನ ಆರ್ಡರ್ ತಂದಿದ್ದ. ರೇಟು ಕೇಳಿ "ತಗ್ಗಿಂಚು ಅಣ್ಣಾ, ತಗ್ಗಿಂಚು" ಎಂದು ತೆಲುಗಿನಲ್ಲಿ ಕೈ ಕೆಳಗೆ ತೋರಿಸಿದ. "ಬಟ್ಟಿ ನಂದು, ಗುಂಡಿ ನಂದು. ನೀ ಮಷಿನ್ ಓಡಿಸೋದು ಅಷ್ಟೇ ಅಲ್ಲೇನು?"

"ಮಷಿನ್ ತಾನಾ ಓಡ್ತೈತೇನ್ರಿ?" ಎಂದ ಚನ್ನಬಸವರಾಜ. "ಹೊಲಿಯೋರಿಗೆ ಕೆಲಸ ಇಲ್ಲದ ತಿಂಗಳೂ ನಾ ಕೊಡಬೇಕು. ಕೆಟ್ಟ ಪೀಸು ನನ್ನ ತಲಿಮ್ಯಾಲೆ. ಇಪ್ಪತ್ತು ವರ್ಷ ಕಲತ ಕೈ ಅದು..." ಮಾತು ಅಲ್ಲಿಗೇ ನಿಂತಿತು. ಸ್ವಂತ ಬಾಯಿಯಿಂದ ಮಗಳ ಮಾತು ಬಂದಂತಾಗಿ ಮೈಯೆಲ್ಲ ಇರುಸುಮುರುಸಾಯಿತು. ಕೊನೆಗೆ ವ್ಯಾಪಾರಿ ಹೇಳಿದ ರೇಟಿಗೇ ಒಪ್ಪಿಕೊಂಡ. ಮನೆಯಲ್ಲಿ ಈ ಸಂಗತಿ ಹೇಳಲಿಲ್ಲ.

ಮುಂದಿನ ಸೋಮವಾರ ಗಾದೆಪ್ಪನಿಗೆ ಜ್ವರ. ಕಾರು ಹೊಡೆಯುವವನೂ ಅವನೇ. ಐಶ್ವರ್ಯ ಸಿರಿಗೇರಿಯಲ್ಲಿ ಒಂದು ಮದುವೆಯ ಕೆಲಸ ಹಿಡಿದಿದ್ದಳು. ಯಾರೂ ಸಿಗದೆ ಅವಳು ಒದ್ದಾಡುವುದನ್ನು ನೋಡಲಾರದೆ ಶೈಲಜಾ ಗಂಡನಿಗೆ ಹೇಳಿದಳು: "ಕಾರು ನೀವೇ ಹೊಡೀರಿ. ಮಗಳ ಕೂಡ ಮಾತಾಡಬ್ಯಾಡ್ರಿ, ಬರೇ ಹೊಡೀರಿ."

ಅವನು ಹೋದ. ಕಾರು ಹೊಡೆಯುವುದರ ಜೊತೆ ಲೈಟು ಹಿಡಿಯುವುದೂ ಬಂತು. ಬೆಳಗಿನ ಅರಿಶಿಣದಿಂದ ಹಿಡಿದು ಇಳಿಹೊತ್ತಿನವರೆಗೆ ಮಗಳು ಒಂದು ಕಡೆ ಕೂತದ್ದನ್ನು ಅವನು ಕಾಣಲಿಲ್ಲ. ಯಾರೋ ಹಿಂದಿನಿಂದ "ಏ ಫೋಟೋದಾಕಿ, ಅತ್ಲಾಗ ಸರಿ, ಕಾಣವಲ್ದು!" ಎಂದು ಕೂಗಿದರು. ಅವಳು ಸರಿಯಲಿಲ್ಲ, ಮೊಣಕಾಲೂರಿ ತಗ್ಗಿದಳು. ಊಟಕ್ಕೆ ಕರೆದವರಿಲ್ಲ. ಕೊನೆಯ ಪಂಕ್ತಿಯಲ್ಲಿ ಅನ್ನ ತಣ್ಣಗಾಗಿತ್ತು, ಸಾರು ತಳದ್ದು. ಅಲ್ಲಿಗೆ ಬಂದಿದ್ದ ಬಳ್ಳಾರಿಯ ಬಟ್ಟೆ ಅಂಗಡಿಯವನೊಬ್ಬ ಗುರುತು ಹಿಡಿದು, "ಏನ್ರಿ ಚನ್ನಬಸವರಾಜ, ಜೀನ್ಸ್ ಬಿಟ್ಟು ಲೈಟ್ ಹಿಡ್ಯಾಕ ಹತ್ತೀರಿ?" ಎಂದು ನಕ್ಕ.

ಬೇರೆ ಯಾರಾದರೂ ಆಗಿದ್ದರೆ ಮಗಳ ಕಷ್ಟ ಕಂಡು ಮೆತ್ತಗಾಗುತ್ತಿದ್ದನೇನೋ. ಚನ್ನಬಸವರಾಜ ಇನ್ನೂ ಬಿಗಿಯಾದ. ನನ್ನ ಮಗಳನ್ನು ಹೀಗೆ ಕರೆಯುವವರ ಮನೆಯ ಮದುವೆ ಬೇಕಾಗಿ, ಅಣ್ಣನ ಮನೆಯ ಮದುವೆ ಬೇಡವಾಯಿತೇ ಇವಳಿಗೆ ಎಂದು ಹಲ್ಲು ಕಚ್ಚಿದ. ಮರುದಿನ, ನೂಲು ತರುವ ನೆಪ ಹೇಳಿ, ಬ್ಯಾಂಕಿನಿಂದ ಹತ್ತು ಸಾವಿರ ತೆಗೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದ. ಅಲ್ಲಿಂದ ಕರೂರಿಗೆ. ಮಗಳು ತಗೊಂಡ ಅಡ್ವಾನ್ಸು ತಾನೇ ತಿರುಗಿ ಕೊಟ್ಟುಬಿಟ್ಟರೆ ಮಾತು ಮುಗಿಯಿತು.

ಎರ್ರೆಪ್ಪನ ಮನೆ ಊರ ಹೊರಗಿನ ಕಾಲುವೆಯ ಆಚೆಗಿತ್ತು. ಅಂಗಳದಲ್ಲಿ ಭತ್ತದ ಚೀಲಗಳು, ಹೊಸದಾಗಿ ಸುಣ್ಣ ಹೊಡೆದ ಗೋಡೆ. ಐಶ್ವರ್ಯಳ ತಂದೆ ಎಂದು ತಿಳಿದದ್ದೇ ಎರ್ರೆಪ್ಪ ಹೆಗಲ ಟವಲಿನಿಂದ ಕುರ್ಚಿ ಒರೆಸಿದ. ರಜೆಗೆ ಬಂದಿದ್ದ ಪಂಪಾವತಿ ಮಜ್ಜಿಗೆ ತಂದಳು. ಬಾಗಿಲ ಒಳಗೆ, ಅರ್ಧ ಕಾಣುವಂತೆ ಒಬ್ಬ ಹೆಂಗಸು ನಿಂತಿದ್ದಳು.

ಚನ್ನಬಸವರಾಜ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. "ಒಂದು ಫಜೀತಿ ಆಗೈತಿ. ಅವತ್ತೇ ನಮ್ಮಣ್ಣನ ಮಗನ ಮದಿವಿ. ನೀವು ಬ್ಯಾರೆಯವರನ್ನ ನೋಡಿಕೊಂಡ್ರ... ಅಡ್ವಾನ್ಸ್ ತಂದೀನಿ. ಇನ್ನೂ ಟೈಮ್ ಐತಿ, ಕಡಿಮಿ ರೇಟಿಗೂ ಸಿಗ್ತಾರ."

ಎರ್ರೆಪ್ಪ ಮಗಳ ಮುಖ ನೋಡಿದ. ಪಂಪಾವತಿ ಒಳಗೆ ಹೋಗಿ ಒಂದು ಆಲ್ಬಂ ತಂದು ಅವನ ತೊಡೆಯ ಮೇಲಿಟ್ಟಳು.

"ಕಡಿಮಿಯವರನ್ನ ನಮ್ಮಕ್ಕನ ಮದಿವ್ಯಾಗ ಕರೆಸಿದ್ವಿ ಸರ್. ಇದರಾಗ ನಮ್ಮವ್ವ ಎಲ್ಲಿ ಅದಾಳ ಹುಡುಕ್ರಿ."

ಅವನು ಹಾಳೆ ತಿರುವಿದ. ನೆಂಟರಿದ್ದರು, ಊರ ಹಿರಿಯರಿದ್ದರು, ಅಡುಗೆಯ ಕೊಪ್ಪರಿಗೆಯ ಫೋಟೋ ಕೂಡ ಇತ್ತು. ಧಾರೆಯ ಫೋಟೋದಲ್ಲಿ ಎರ್ರೆಪ್ಪನ ಪಕ್ಕ ಒಬ್ಬಳು ಇದ್ದಳು. ಮುಖ ಗೊಂಬೆಯ ಹಾಗೆ ಒಂದೇ ಬಣ್ಣ.

"ಇವರಾ?"

"ನೀವೇ ಹೇಳ್ರಿ." ಪಂಪಾವತಿ ತಿರುಗಿ ಕರೆದಳು. "ಅವ್ವಾ, ಬಾ ಹೊರಗ."

ಮಾರೆಮ್ಮ ಬೆಳಕಿಗೆ ಬಂದಳು. ಅವಳಿಗೆ ತೊನ್ನು. ಕೆನ್ನೆ, ತುಟಿ, ಹಣೆಯ ಅರ್ಧಕ್ಕೆ ಬಿಳಿ ಹರಡಿತ್ತು. ಚನ್ನಬಸವರಾಜ ಕಣ್ಣು ಬೇರೆ ಕಡೆ ಹೊರಳಿಸಿದ, ಮತ್ತೆ ನಾಚಿ ಅವಳನ್ನು ನೋಡಿದ.

"ಎಲ್ಲಾ ಫೋಟೋಕ್ಕೂ 'ನೀವು ಸ್ವಲ್ಪ ಹಿಂದ ನಿಲ್ರಿ' ಅಂತಿದ್ದ ಆ ಫೋಟೋದಾಂವ," ಎಂದಳು ಪಂಪಾವತಿ. "ಧಾರಿಗೆ ಹಿಂದ ನಿಲ್ಲಿಸಾಕ ಬರಲಿಲ್ಲ, ಅದಕ್ಕ ಕಂಪ್ಯೂಟರಿನಾಗ ಬಣ್ಣ ಬಳದ. ಅಕ್ಕನ ಮಗಳು ಇದನ್ನ ನೋಡಿ ಈಕಿ ಯಾರು ಅಂತ ಕೇಳ್ತಾಳ. ನಿಮ್ಮ ಮಗಳು ಮೊದಲ ದಿನ ಬಂದಾಗ ಕ್ಯಾಮರಾ ಚೀಲದಿಂದ ತೆಗೀಲೇ ಇಲ್ಲ ಸರ್. ಅವ್ವನ ಜೋಡಿ ಕುಂತು ತೊಗರಿಕಾಯಿ ಸುಲಿದು ಹೋದ್ಲು. ಮತ್ತ ಬಂದ್ಲು. ಮೂರನೇ ಸಲಕ್ಕ ಅವ್ವನೇ ಕೇಳಿದ್ಲು, ನಂದೂ ಒಂದು ತೆಗಿತೀಯೇನವ್ವಾ ಅಂತ."

ಈ ಮೂರು ಸಲದ ಬಗ್ಗೆ ಐಶ್ವರ್ಯ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಇಷ್ಟು ದೂರ ಪೆಟ್ರೋಲು ಸುಟ್ಟು ಹೋಗಿ ಬರುತ್ತಾಳೆಂದು ಅವನೇ ಒಮ್ಮೆ ಬೈದಿದ್ದ.

ಮಾರೆಮ್ಮ ಮೆಲ್ಲಗೆ ಹೇಳಿದಳು. "ಸಂಕಟ ಪಡಬ್ಯಾಡ್ರಿ ಯಜಮಾನ್ರ. ನಿಮ್ಮನಿ ಮದಿವಿ ನಿಮಗ ದೊಡ್ಡದು. ಆಕಿ ಬಂದ್ರ ನಿಲ್ತೀನಿ. ಬ್ಯಾರೆಯವರು ಬಂದ್ರ ನಾ ಅಡುಗಿಮನ್ಯಾಗ ಇರ್ತೀನಿ. ನನಗ ರೂಢಿ ಐತಿ."

ಅಂಗಳದಲ್ಲಿ ಕೋಳಿಯೊಂದು ಭತ್ತ ಕೆದರುತ್ತಿತ್ತು. ಯಾರೂ ಅದನ್ನು ಓಡಿಸಲಿಲ್ಲ. ಚನ್ನಬಸವರಾಜನ ಕೈ ಅಂಗಿಯ ಜೇಬಿನ ಮೇಲೇ ಇತ್ತು. ಅದನ್ನು ಕೆಳಗಿಳಿಸಿ ಎದ್ದುನಿಂತ.

"ಅಕಿ ಬರ್ತಾಳ," ಎಂದ. "ನಾ ಬಂದಿದ್ದು ಅಕಿಗೆ ಗೊತ್ತಿಲ್ಲ. ಅಕಿ ಬರ್ತಾಳ."

ಮನೆಗೆ ಹೋಗಿದ್ದರೆ ಧೈರ್ಯ ಆರಿಹೋಗುತ್ತಿತ್ತು. ನೇರ ಸಿರುಗುಪ್ಪಕ್ಕೆ ಹೋಗಿ ಅಣ್ಣನ ಮಿಲ್ಲಿನ ಮುಂದೆ ಇಳಿದ. ಒಳಗೆ ಅಕ್ಕಿಯ ಧೂಳು, ಮಷಿನಿನ ಗದ್ದಲ. ದೊಡ್ಡಬಸವರಾಜ ಕೂಗಿ ಮಾತಾಡಬೇಕಾಯಿತು, ಆಮೇಲೆ ಸಿಟ್ಟಿಗೂ ಕೂಗಿದ.

"ಕರೂರಿನ ಕೂಲಿಯವನ ಮದಿವಿ ದೊಡ್ಡದಾತು? ನನ್ನ ಮಗಂದು ಸಣ್ಣದಾತು?"

"ಅವರಿಗೆ ಅಕಿ ಮೊದಲ ಮಾತು ಕೊಟ್ಟಾಳಣ್ಣಾ. ನಾ ನಿನಗ ಕೊಟ್ಟಿದ್ದು ನನ್ನ ಮಾತಲ್ಲ, ಅಕಿದು. ತಪ್ಪು ನಂದು."

"ರೊಕ್ಕದ ಸಲುವಾಗಿ ಹಿಂಗ ತಿರುಗಿಸ್ತಿ. ಎಷ್ಟು ಬೇಕಂತ ಹೇಳು, ಬಿಸಾಡ್ತೀನಿ!"

"ರೊಕ್ಕ ಅಲ್ಲ ಅಣ್ಣಾ."

"ಅಲ್ಲಂತ!" ದೊಡ್ಡಬಸವರಾಜ ಒಂದು ಹೆಜ್ಜೆ ಹತ್ತಿರ ಬಂದ. ಮೂವತ್ತೈದು ವರ್ಷ ಆಡದಿದ್ದ ಮಾತು ಆಗ ಬಂತು. "ನಾ ಸಾಲಿ ಬಿಟ್ಟಾಗ ನಿನಗ ರೇಟು ಹೇಳಿದ್ನೇನಲೇ?"

ಚನ್ನಬಸವರಾಜ ತಲೆತಗ್ಗಿಸಿ ಹೊರಬಂದ. ಬಸ್ಸಿನಲ್ಲಿ ಪಕ್ಕದವನು ಶೇಂಗಾ ಮುಂದೆ ಹಿಡಿದರೂ ಬೇಡವೆಂದ.

ಮನೆಯಲ್ಲಿ ಮಗಳು ಸಮಾಧಾನಪಡುತ್ತಾಳೆ ಎಂದುಕೊಂಡಿದ್ದ. ಅದೂ ತಪ್ಪಿತು. ಪಂಪಾವತಿ ಅಷ್ಟರಲ್ಲಿ ಫೋನು ಮಾಡಿದ್ದಳು.

"ನನ್ನ ಗಿರಾಕಿ ಮನಿಗೆ ನೀ ಯಾಕ ಹೋದಿ?" ಐಶ್ವರ್ಯ ಬಾಗಿಲಲ್ಲೇ ಹಿಡಿದಳು. "ನಾ ನಿನ್ನ ಆದೋನಿಯವರ ಹತ್ರ ಹೋಗಿ ನಮ್ಮಪ್ಪ ಹೊಲಿಯಂಗಿಲ್ಲ ಅಂತ ಹೇಳಿ ಬರಲೇನು?"

"ಬರ್ತಾಳ ಅಂತ ಹೇಳಿ ಬಂದೀನಲ್ಲವ್ವಾ..."

"ಅದನ್ನೂ ನೀ ಯಾಕ ಹೇಳಬೇಕು?"

"ಸಾಕು ಬಿಡು," ಎಂದಳು ಶೈಲಜಾ. "ನಿನ್ನ ಸಲುವಾಗಿ ಅಣ್ಣನ ಹತ್ರ ಬೈಸ್ಕೊಂಡು ಬಂದಾರ. ಮೊದಲ ಸಲ. ಉಣ್ಣಲಿ."

ಅಕ್ಕನಾಗಮ್ಮ ಎರಡು ದಿನ ಇಬ್ಬರು ಮಕ್ಕಳನ್ನೂ ಬೈದಳು. ದೊಡ್ಡವನನ್ನು ಫೋನಿನಲ್ಲಿ, ಸಣ್ಣವನನ್ನು ಎದುರಿಗೆ. ಫಲ ಕಾಣಲಿಲ್ಲ. ಲಗ್ನಪತ್ರಿಕೆ ಅಣ್ಣನ ಕೈಯಿಂದ ಬರಲಿಲ್ಲ, ಮಿಲ್ಲಿನ ಗುಮಾಸ್ತ ತಂದು ಕೊಟ್ಟುಹೋದ.

ಮದುವೆಯ ದಿನ ಐಶ್ವರ್ಯ ಬೆಳಕು ಹರಿಯುವ ಮೊದಲೇ ಗಾದೆಪ್ಪನ ಜೊತೆ ಕರೂರಿಗೆ ಹೊರಟಳು. ಉಳಿದವರು ಕುರುಗೋಡಿಗೆ ಬಂದರು. ಮಂಟಪದಲ್ಲಿ ಬೆಂಗಳೂರಿನಿಂದ ಬಂದ ಆರು ಜನ ಕಪ್ಪು ಅಂಗಿಯವರು ಓಡಾಡುತ್ತಿದ್ದರು. ತಲೆಯ ಮೇಲೆ ಡ್ರೋನು ಗುಂಯ್ಗುಟ್ಟುತ್ತಿತ್ತು. ಬೀಗರೊಬ್ಬರು ಅವರ ರೇಟು ಪಿಸುಗುಟ್ಟಿದರು: ಒಂದೂವರೆ ಲಕ್ಷ, ಊಟ ಲಾಡ್ಜು ಬೇರೆ. ಅಣ್ಣ ಚೌಕಾಸಿಯನ್ನೇ ಮಾಡಲಿಲ್ಲವಂತೆ.

ಶೈಲಜಾಳನ್ನು ಆರತಿಗೆ ಕರೆಯಲಿಲ್ಲ. ಚನ್ನಬಸವರಾಜನಿಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಸ್ವಂತ ಅಣ್ಣನ ಮಗನ ಮದುವೆಯಲ್ಲಿ ಅವನು ಮೂರನೇ ಸಾಲಿನ ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು ಹೊತ್ತು ಕಳೆದ. ಅಕ್ಷತೆ ಬಿದ್ದ ಮೇಲೆ ಶೈಲಜಾಳ ಫೋನು ಗುಂಯ್ ಎಂದಿತು. ಮಗಳು ಒಂದು ಫೋಟೋ ಕಳಿಸಿದ್ದಳು. ಮಾರೆಮ್ಮ ಮದುಮಗಳ ಪಕ್ಕ, ನಡುವೆ ನಿಂತಿದ್ದಳು. ಮುಖ ಇದ್ದ ಹಾಗೇ ಇತ್ತು. ಏನೋ ಮಾತಿಗೆ ಬಾಯ್ತುಂಬ ನಗುತ್ತಿದ್ದಳು. ಚನ್ನಬಸವರಾಜ ಫೋನನ್ನು ಹೆಂಡತಿಗೆ ತಿರುಗಿ ಕೊಡಲು ತಡಮಾಡಿದ.

ವೇದಿಕೆಯ ಮೇಲೆ ಫ್ಯಾಮಿಲಿ ಫೋಟೋ ಶುರುವಾಯಿತು. ನಡುವಿನ ಕುರ್ಚಿಯಲ್ಲಿ ಅಕ್ಕನಾಗಮ್ಮನನ್ನು ಕೂರಿಸಿದರು. ಕಪ್ಪು ಅಂಗಿಯವನು "ಅಜ್ಜಿ, ಸ್ಮೈಲ್" ಎಂದ. ಅಜ್ಜಿ ಮುಖ ಗಂಟಿಕ್ಕಿದಳು. ಅವನು ಮತ್ತೆ ಹೇಳಿದ.

"ನಾ ಹಡೆದಿದ್ದು ಎರಡು," ಎಂದಳು ಅಕ್ಕನಾಗಮ್ಮ, ಮಂಟಪಕ್ಕೆಲ್ಲ ಕೇಳುವಂತೆ. "ಒಂದು ಕಾಣವಲ್ದು. ಅದು ಬರೋತನ ನಾ ನಗಂಗಿಲ್ಲ, ನೀವೂ ತೆಗೀಬ್ಯಾಡ್ರಿ."

ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಬಸವರಾಜ ಮೇಲೆ ನೋಡಿದ, ಕೆಳಗೆ ನೋಡಿದ, ಕೊನೆಗೆ ಮೂರನೇ ಸಾಲಿನತ್ತ ಗದ್ದ ಎತ್ತಿದ. ಚನ್ನಬಸವರಾಜ ಹತ್ತಿ ಹೋಗಿ ತಾಯಿಯ ಇನ್ನೊಂದು ಪಕ್ಕಕ್ಕೆ ನಿಂತ. ಕಪ್ಪು ಅಂಗಿಯವನು "ಹತ್ತಿರ, ಇನ್ನೂ ಹತ್ತಿರ" ಎನ್ನುತ್ತಲೇ ಇದ್ದ. ಇಬ್ಬರೂ ಅಂಗೈಯಗಲದಷ್ಟು ಸರಿದರು.

ಊಟಕ್ಕೆ ಅಣ್ಣನೇ ಪಂಕ್ತಿ ನೋಡುತ್ತ ಬಂದ. ತಮ್ಮನ ಎಲೆಯ ಮುಂದೆ ನಿಂತು, ಬೇರೆ ಕಡೆ ನೋಡುತ್ತ ಹೇಳಿದ:

"ಈ ಮಂದಿ ಆಲ್ಬಂ ಕೊಡಾಕ ನಾಲ್ಕು ತಿಂಗಳು ಅಂತಾರ."

"ಕೆಲಸ ಇರ್ತೈತಿ ಅಣ್ಣಾ."

"ಮುಂದಿನ ವರ್ಷ ಶರಣನ ತಂಗಿ ಅಕ್ಷತಾನ ಮದಿವಿ ಮಾಡಬೇಕು. ತಾರೀಖು ಗೊತ್ತಾದ ಕೂಡ್ಲೆ ಹೇಳ್ತೀನಿ. ನಿನಗಲ್ಲ. ಅಕಿಗೆ."

ಚನ್ನಬಸವರಾಜ ಅನ್ನ ಕಲಸುವುದನ್ನು ನಿಲ್ಲಿಸಿದ.  

"ಹೇಳು ಅಣ್ಣಾ. ಅಡ್ವಾನ್ಸ್ ಬಂದ ಮ್ಯಾಲೇ ಅಕಿ ತಾರೀಖು ಹಿಡಿಯೋದು."

ದೊಡ್ಡಬಸವರಾಜ ತಮ್ಮನನ್ನು ದಿಟ್ಟಿಸಿದ. ಆಮೇಲೆ ತಿರುಗಿ ಬಡಿಸುವವರಿಗೆ ಕೂಗಿದ.

"ಏ, ಇವನ ಎಲಿಗೆ ಇನ್ನೆರಡು ಹೋಳಿಗಿ ಹಾಕ್ರಲೇ! ಬಾಯಿ ಮುಚ್ಚಲಿ!"